ಭೂಮಿ ಸುಮ್ಮನಿರುವಾಗಲೇ ಹಣ ಕೊಡಿ: ಕರ್ನಾಟಕದ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ಲೋಕಸಭೆಯಲ್ಲಿ ಕರ್ನಾಟಕದಿಂದ 28 ಜನ, ರಾಜ್ಯಸಭೆಯಲ್ಲಿ 12 ಜನ ಇದ್ದೀರಿ. ಪಕ್ಷ ಯಾವುದೇ ಇರಲಿ, ಈ ಪತ್ರ ನಲವತ್ತೂ ಜನರಿಗೆ. ವಿಷಯ, ಭೂಕಂಪದ ಸಂಶೋಧನೆಗೆ ನಮ್ಮ ತೆರಿಗೆಯಿಂದ ಹೋಗುವ ಹಣ. ಬಜೆಟ್ ಅಧಿವೇಶನದಲ್ಲಿ ರೈಲು, ಕೃಷಿ, ರಕ್ಷಣೆ ಬಗ್ಗೆ ಗಂಟೆಗಟ್ಟಲೆ ಮಾತಾಗುತ್ತದೆ. ಭೂ ವಿಜ್ಞಾನ ಸಚಿವಾಲಯದ ಬೇಡಿಕೆಗಳು ಹೆಚ್ಚಿನ ಸಲ ಚರ್ಚೆಯೇ ಇಲ್ಲದೆ, ಉಳಿದವುಗಳ ಜೊತೆ ಒಟ್ಟಿಗೆ ಪಾಸಾಗಿಬಿಡುತ್ತವೆ. ಈ ಹಣದಿಂದ ದೇಶಕ್ಕೆ ಏನು ಉಳಿಯುತ್ತದೆ, ಹಣ ಕೊಡದಿದ್ದರೆ ಏನು ಹೋಗುತ್ತದೆ ಅಂತ ಯಾರಾದರೂ ನಿಮ್ಮ ಮುಂದೆ ಇಡಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನಾನು ಕಲಬುರಗಿ ಕಡೆಯವನು. ಕಟ್ಟಡಗಳ ವಿನ್ಯಾಸ ಮಾಡುವ ಸಿವಿಲ್ ಎಂಜಿನಿಯರ್. ಭೂಕಂಪ ವಿಜ್ಞಾನಿ ಅಲ್ಲ. ಆದರೆ ಆ ವಿಜ್ಞಾನಿಗಳು ಮಾಡಿದ ಕೆಲಸವನ್ನು ದಿನಾ ಬಳಸುತ್ತೇನೆ. ಹಾಗಾಗಿ ಅದರ ಬೆಲೆ ಏನು ಅನ್ನುವುದು ನನ್ನ ಮೇಜಿನ ಮೇಲೆ ಕಾಣುತ್ತದೆ.

ಅಲ್ಲಿ ಅದು ಒಂದು ಸಣ್ಣ ಅಂಕಿ. ಭೂಕಂಪ ತಡೆಯುವ ಕಟ್ಟಡ ವಿನ್ಯಾಸಕ್ಕೆ ನಾವು ಪಾಲಿಸುವ ಭಾರತೀಯ ಸಂಹಿತೆ, ಅಂದರೆ ನಿಯಮಗಳ ಪುಸ್ತಕ, ಐಎಸ್ 1893. ಅದರ 2002 ಮತ್ತು 2016ರ ಆವೃತ್ತಿಗಳಲ್ಲಿ ಅಪಾಯ ಎಷ್ಟು ಅನ್ನುವುದರ ಮೇಲೆ ದೇಶದ ನಕ್ಷೆಯನ್ನು ನಾಲ್ಕು ವಲಯ ಮಾಡಿ, ಒಂದೊಂದಕ್ಕೂ ಒಂದು ಅಂಕಿ ಕೊಟ್ಟಿದ್ದಾರೆ. ಎರಡನೇ ವಲಯಕ್ಕೆ 0.10, ಮೂರಕ್ಕೆ 0.16, ನಾಲ್ಕಕ್ಕೆ 0.24, ಐದಕ್ಕೆ 0.36. ಈ ಪಟ್ಟಿಯ ಪ್ರಕಾರ ಬೆಂಗಳೂರು, ಮೈಸೂರು ಎರಡನೇ ವಲಯ. ವಿಜಯಪುರ, ಬೆಳಗಾವಿ, ಧಾರವಾಡ, ಕಾರವಾರ, ಮಂಗಳೂರು ಮೂರನೇ ವಲಯ. ಭೂಮಿ ನಡುಗಿದಾಗ ಕಟ್ಟಡವನ್ನು ಅಡ್ಡಕ್ಕೆ ತಳ್ಳುವ ಬಲ ಎಷ್ಟು ಅಂತ ಲೆಕ್ಕ ಹಾಕುವುದು ಈ ಅಂಕಿಯಿಂದ. 0.10 ಇದ್ದದ್ದು 0.16 ಆದರೆ, ಉಳಿದದ್ದೆಲ್ಲ ಹಾಗೇ ಇದ್ದರೂ ಆ ಬಲ ಶೇ. 60ರಷ್ಟು ಜಾಸ್ತಿ ಆಗುತ್ತದೆ. ಕಾಲಮ್ ದಪ್ಪ ಆಗಬಹುದು, ಕಂಬಿ ಹೆಚ್ಚಾಗಬಹುದು. ಮೂರನೇ ವಲಯದಿಂದ ಮೇಲಕ್ಕೆ ಇನ್ನೊಂದು ನಿಯಮವೂ ಸೇರಿಕೊಳ್ಳುತ್ತದೆ. ಕಾಲಮ್ಮಿನ ಸುತ್ತ ಕಟ್ಟುವ ರಿಂಗುಗಳು ಬೀಮ್ ಸೇರುವ ಜಾಗದ ಹತ್ತಿರ ಒತ್ತೊತ್ತಾಗಿ, ಸುಮಾರು ನಾಲ್ಕು ಇಂಚಿಗೊಂದರಂತೆ ಇರಬೇಕು. ರಿಂಗಿನ ತುದಿಯ ಕೊಕ್ಕೆಯನ್ನು 90 ಡಿಗ್ರಿಗೆ ಮಡಚಿ ಬಿಡುವಂತಿಲ್ಲ. 135 ಡಿಗ್ರಿಗೆ ಬಗ್ಗಿಸಿ ಕಾಂಕ್ರೀಟಿನ ಒಳಗೆ ಹೋಗುವಂತೆ ಮಾಡಬೇಕು. ಕಂಬಿ ಕಟ್ಟುವವರಿಗೆ ಇದು ಕಿರಿಕಿರಿಯ ಕೆಲಸ. ಆದರೆ ಕಂಪನದಲ್ಲಿ ಹೊರಗಿನ ಕಾಂಕ್ರೀಟು ಉದುರಿದಾಗ 90 ಡಿಗ್ರಿ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ರಿಂಗು ತೆರೆದುಕೊಳ್ಳುತ್ತದೆ, ಉದ್ದದ ಕಂಬಿಗಳು ಹೊರಗೆ ಬಾಗುತ್ತವೆ, ಕಾಲಮ್ ಕುಸಿಯುತ್ತದೆ. ಒಂದು ಕೊಕ್ಕೆಯ ಕೋನ ಎಷ್ಟಿರಬೇಕು ಅಂತ ತಿಳಿಯಲು ಜಗತ್ತು ಎಷ್ಟೋ ಕಟ್ಟಡಗಳ ಅವಶೇಷ ಅಗೆದಿದೆ, ಎಷ್ಟೋ ಪ್ರಯೋಗ ಮಾಡಿದೆ. ಸೈಟಿನಲ್ಲಿ ಆ ಕೊಕ್ಕೆ ಬಗ್ಗಿಸಲು ತಗಲುವ ಖರ್ಚು ಮಾತ್ರ ಏನೇನೂ ಅಲ್ಲ.

ಈಗ ಆ ಅಂಕಿಯೇ ತಪ್ಪಾಗಿದ್ದರೆ? ನಿಜಕ್ಕಿಂತ ಕಡಿಮೆ ಇಟ್ಟಿದ್ದರೆ ಜನ ಸಾಯುತ್ತಾರೆ. ನಿಜಕ್ಕಿಂತ ಜಾಸ್ತಿ ಇಟ್ಟಿದ್ದರೆ ಒಂದಿಡೀ ಜಿಲ್ಲೆಯ ಶಾಲೆ, ಆಸ್ಪತ್ರೆ, ಮನೆ, ಸೇತುವೆಗಳಲ್ಲಿ ಬೇಡದ ಉಕ್ಕು, ಬೇಡದ ಸಿಮೆಂಟು ವರ್ಷ ವರ್ಷ ಹೂತುಹೋಗುತ್ತದೆ. ಎರಡೂ ಕಡೆ ನಷ್ಟ. ಅಂಕಿಯನ್ನು ನಿಜದ ಹತ್ತಿರ ತರುವುದೇ ಸಂಶೋಧನೆಯ ಕೆಲಸ. ಬೇರೆ ಯಾರಿಂದಲೂ ಅದು ಆಗುವುದಿಲ್ಲ. ದೇಶದ ಭೂಭಾಗದ ಶೇ. 59ರಷ್ಟು ಮಧ್ಯಮದಿಂದ ತೀವ್ರ ಭೂಕಂಪ ಆಗಬಲ್ಲ ಜಾಗ ಅಂತ ಸರ್ಕಾರವೇ ಹೇಳುತ್ತದೆ. ಅಲ್ಲಿ ಪ್ರತಿ ವರ್ಷ ಕಟ್ಟಡಕ್ಕೆ ಸುರಿಯುವ ಲಕ್ಷಾಂತರ ಕೋಟಿ ರೂಪಾಯಿ ಸರಿಯಾಗಿ ಖರ್ಚಾಗುತ್ತಿದೆಯೋ ಇಲ್ಲವೋ ಅನ್ನುವುದು ಆ ನಕ್ಷೆಯ ಮೇಲೆ ನಿಂತಿದೆ.

ಹಾಗಾದರೆ ಆ ನಕ್ಷೆ ಇಲ್ಲಿಯವರೆಗೆ ಹೇಗೆ ತಿದ್ದುಪಡಿ ಆಗಿದೆ? ಇದನ್ನು ಸ್ವಲ್ಪ ನಿಧಾನವಾಗಿ ಓದಿ ಅಂತ ಕೇಳಿಕೊಳ್ಳುತ್ತೇನೆ.

1967ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯ ಹತ್ತಿರ 6.3 ತೀವ್ರತೆಯ ಭೂಕಂಪ ಆಯಿತು. 200ರಷ್ಟು ಜನ ಸತ್ತರು. ಅಣೆಕಟ್ಟೆಯಲ್ಲಿ ಬಿರುಕು ಬಿತ್ತು. ಕೊಯ್ನಾದ ಕರೆಂಟಿನ ಮೇಲೆ ನಿಂತಿದ್ದ ಮುಂಬೈನ ಕಾರ್ಖಾನೆಗಳು ಸ್ತಬ್ಧವಾದವು. ಅದಕ್ಕೂ ಮುಂಚೆ ದಕ್ಷಿಣದ ಪ್ರಸ್ಥಭೂಮಿ ಗಟ್ಟಿ ನೆಲ, ಅಲ್ಲಿ ಅಂಥದ್ದೇನೂ ಆಗುವುದಿಲ್ಲ ಅನ್ನುವ ನಂಬಿಕೆ ಇತ್ತು. ಭೂಕಂಪ ಆದ ಮೇಲೆ, 1970ರಲ್ಲಿ ಕೊಯ್ನಾ ನಾಲ್ಕನೇ ವಲಯಕ್ಕೆ ಏರಿತು.

1993ರ ಸೆಪ್ಟೆಂಬರ್ 30. ಲಾತೂರ್ ಜಿಲ್ಲೆಯ ಕಿಲ್ಲಾರಿ. ನಮ್ಮ ಆಳಂದ, ಬಸವಕಲ್ಯಾಣದಿಂದ ದೂರವೇನಲ್ಲ. ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ನಸುಕಿನ ನಾಲ್ಕು ಗಂಟೆಯ ಹೊತ್ತಿಗೆ 6.2 ತೀವ್ರತೆಯ ಕಂಪನ. ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು. ಕಲಬುರಗಿ, ಬೀದರ್‌ನಲ್ಲೂ ನೆಲ ನಡುಗಿತು. ಆಗಿನ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೇ ವಲಯದಲ್ಲಿ. ಅಂದರೆ ಇಡೀ ದೇಶದಲ್ಲೇ ಅತಿ ಕಡಿಮೆ ಅಪಾಯದ ಜಾಗ! 2002ರಲ್ಲಿ ಒಂದನೇ ವಲಯವನ್ನೇ ತೆಗೆದುಹಾಕಿ, ಕಿಲ್ಲಾರಿಯನ್ನು ಮೂರನೇ ವಲಯಕ್ಕೆ ಸೇರಿಸಿದರು.

ಎರಡು ಸಲವೂ ಮೊದಲು ಹೆಣ, ಆಮೇಲೆ ನಕ್ಷೆ. ಇದಕ್ಕಿಂತ ದುಬಾರಿಯಾಗಿ ಯಾವ ದೇಶವೂ ಭೂಗರ್ಭ ವಿಜ್ಞಾನ ಕಲಿಯಲಾರದು.

ಕಿಲ್ಲಾರಿಯ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ದೊಡ್ಡ ಕಂಪನಕ್ಕೆ ಒಂದು ವರ್ಷ ಮುಂಚೆ, 1992ರಲ್ಲೇ ಅಲ್ಲಿ ಸಣ್ಣ ಕಂಪನಗಳ ಸರಣಿ ಆಗಿತ್ತು. ಜನ ಹೆದರಿದ್ದರು. ಆದರೆ ಸುತ್ತಮುತ್ತ ಆ ಕಂಪನಗಳನ್ನು ಹತ್ತಿರದಿಂದ ಅಳೆಯುವಷ್ಟು ದಟ್ಟವಾದ ಮಾಪನ ಕೇಂದ್ರಗಳು ಇರಲಿಲ್ಲ. ಇದ್ದಿದ್ದರೆ ದೊಡ್ಡದು ಬರುತ್ತದೆ ಅಂತ ಹೇಳಬಹುದಿತ್ತೇ? ಇಲ್ಲ, ಹಾಗೆ ಹೇಳುವ ವಿದ್ಯೆ ಇವತ್ತಿಗೂ ಯಾರ ಕೈಯಲ್ಲೂ ಇಲ್ಲ. ಆದರೆ ಒಂದನೇ ವಲಯ ಅನ್ನುವ ಹಣೆಪಟ್ಟಿಯ ಮೇಲೆ ಅನುಮಾನ ಬರಲು ಸಾಕಾಗುವಷ್ಟು ಮಾಹಿತಿ ಸಿಗುತ್ತಿತ್ತು. ಭೂಕಂಪ ಆದ ನಂತರ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು (ಎನ್‌ಜಿಆರ್‌ಐ) ಕಿಲ್ಲಾರಿಯಲ್ಲಿ 617 ಮೀಟರ್ ಆಳದ ಬಾವಿ ಕೊರೆದರು. ಮೇಲೆ 338 ಮೀಟರ್ ಕಪ್ಪು ಬಸಾಲ್ಟ್ ಕಲ್ಲು. ಅದರ ಕೆಳಗೆ ತೆಳು ಪದರವೊಂದು, ಅದರ ಕೆಳಗೆ ಹಳೆಯ ಗಟ್ಟಿ ಬಂಡೆ. ಅಪಾಯ ಹುಟ್ಟಿದ್ದು ಆ ಬಂಡೆಯಲ್ಲಿ. ನಮ್ಮ ಕಣ್ಣಿಗೆ ಕಾಣುವುದು ಮಾತ್ರ ಮೇಲಿನ ಕಪ್ಪು ಕಲ್ಲು, ಕರಿಮಣ್ಣು. ಉತ್ತರ ಕರ್ನಾಟಕದ ದೊಡ್ಡ ಭಾಗ ಇದೇ ಬಸಾಲ್ಟಿನ ಮೇಲೆ ಕೂತಿದೆ. ಕೆಳಗೆ ಏನಿದೆ ಅಂತ ಮೇಲೆ ನಿಂತು ಹೇಳಲು ಆಗುವುದಿಲ್ಲ. ಕೊರೆಯಬೇಕು, ಅಳೆಯಬೇಕು, ವರ್ಷಗಟ್ಟಲೆ ಕಾಯಬೇಕು. ಇದಕ್ಕೆ ಹಣ ಬೇಕು.

ಕಿಲ್ಲಾರಿಯಲ್ಲಿ ಅಷ್ಟು ಜನ ಸತ್ತದ್ದು ಯಾಕೆ ಅನ್ನುವುದನ್ನೂ ಸಂಶೋಧಕರು ನೋಡಿದರು. ಗೋಡೆಗಳು ದಪ್ಪವಾಗಿದ್ದವು. ದಪ್ಪ ಗೋಡೆ ಅಂದರೆ ಗಟ್ಟಿ ಗೋಡೆ ಅಂತ ನಾವೆಲ್ಲ ನಂಬಿದ್ದೇವಲ್ಲ. ನಿಜದಲ್ಲಿ ಅದು ಎರಡು ಗೋಡೆ. ಹೊರಗಡೆ ಒಂದು ಕಲ್ಲಿನ ಸಾಲು, ಒಳಗಡೆ ಇನ್ನೊಂದು ಸಾಲು, ನಡುವೆ ಮಣ್ಣು, ಚೂರುಗಲ್ಲು. ತಲೆಯ ಮೇಲೆ ಮರದ ತೊಲೆ, ಅದರ ಮೇಲೆ ಅಡಿಗಟ್ಟಲೆ ಮಣ್ಣು ಹಾಕಿದ ಮಾಳಿಗೆ. ನೆಲ ಅಲುಗಿದಾಗ ಎರಡು ಸಾಲುಗಳು ಬೇರೆ ಬೇರೆಯಾಗಿ ಒಂದು ಒಳಕ್ಕೆ, ಒಂದು ಹೊರಕ್ಕೆ ಬಿದ್ದವು. ಟನ್‌ಗಟ್ಟಲೆ ಮಣ್ಣು ಮಲಗಿದ್ದವರ ಮೇಲೆ ಕುಸಿಯಿತು. ಇದಕ್ಕೆ ಪರಿಹಾರ ತುಂಬ ಸರಳ. ಗೋಡೆಯ ಪೂರ್ತಿ ಅಗಲಕ್ಕೆ ಹಾಯುವ ಉದ್ದನೆಯ ಕಲ್ಲನ್ನು ಅಲ್ಲಲ್ಲಿ ಇಡುವುದು. ಬಾಗಿಲು, ಕಿಟಕಿಗಳ ಮೇಲೆ ಮನೆಯ ಸುತ್ತ ಬಿಡದೆ ಒಂದು ಕಾಂಕ್ರೀಟ್ ಪಟ್ಟಿ ಹಾಯಿಸುವುದು. ಮಾಳಿಗೆಯ ಭಾರ ಇಳಿಸುವುದು.

ಆ ಕಾಂಕ್ರೀಟ್ ಪಟ್ಟಿಯ ಹಿಂದೆ ಸಾರ್ವಜನಿಕ ಹಣ ಇದೆ. 1960ರಲ್ಲಿ ರೂರ್ಕಿ ವಿಶ್ವವಿದ್ಯಾಲಯದಲ್ಲಿ ಭೂಕಂಪ ಎಂಜಿನಿಯರಿಂಗ್‌ಗೆ ಅಂತಲೇ ಒಂದು ಕೇಂದ್ರ ಶುರುವಾಯಿತು. ದುಬಾರಿ ಯಂತ್ರ ತರಿಸಲು ಹಣ ಇಲ್ಲದಿದ್ದಾಗ ಅಲ್ಲಿನವರು ರೈಲಿನ ವ್ಯಾಗನ್ ಬಳಸಿದರು. ಹಳಿಯ ಮೇಲೆ ನಿಂತ ವ್ಯಾಗನ್‌ನಲ್ಲಿ ಮಾದರಿ ಮನೆಗಳನ್ನು ಕಟ್ಟುವುದು, ಇನ್ನೊಂದು ಭಾರದ ವ್ಯಾಗನ್ನನ್ನು ತಂದು ಅದಕ್ಕೆ ಗುದ್ದಿಸುವುದು. ಪಟ್ಟಿ ಇಲ್ಲದ ಮನೆ ಹೇಗೆ ಒಡೆಯುತ್ತದೆ, ಪಟ್ಟಿ ಇರುವ ಮನೆ ಹೇಗೆ ತಡೆಯುತ್ತದೆ ಅಂತ ಕಣ್ಣಾರೆ ನೋಡಿ ದಾಖಲಿಸಿದರು. ಇವತ್ತು ಹಳ್ಳಿಯ ಗೌಂಡಿಗೆ ನಾವು ಹೇಳಿಕೊಡುವ ಎಷ್ಟೋ ಮಾತು ಇಂಥ ಪ್ರಯೋಗಗಳಿಂದ ಬಂದದ್ದು. ಹೊಸ ಮನೆಯಲ್ಲಿ ಇದನ್ನೆಲ್ಲ ಸೇರಿಸಿದರೆ ಒಟ್ಟು ಖರ್ಚಿನಲ್ಲಿ ಏರುವುದು ಶೇಕಡಾ ಕೆಲವೇ ಭಾಗ. ಕಟ್ಟಿದ ಮೇಲೆ ಬಲಪಡಿಸಲು ಹೋದರೆ ಅದರ ಎಷ್ಟೋ ಪಟ್ಟು ಬೇಕು. ಬಿದ್ದ ಮೇಲಂತೂ ಲೆಕ್ಕವೇ ಬೇರೆ.

ಇನ್ನೂ ಹಳೆಯ ಉದಾಹರಣೆ ಒಂದಿದೆ. ಇದನ್ನು ಯಾವ ಅರ್ಥಶಾಸ್ತ್ರಜ್ಞನ ಮುಂದೆ ಬೇಕಾದರೂ ಇಡಬಹುದು. 1931ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಬಲೂಚಿಸ್ತಾನದ ಮಾಚ್ ಎಂಬಲ್ಲಿ ಭೂಕಂಪ ಆಯಿತು. ರೈಲ್ವೆಯಲ್ಲಿದ್ದ ಎಸ್. ಎಲ್. ಕುಮಾರ್ ಅನ್ನುವ ಯುವ ಎಂಜಿನಿಯರ್ ಅದರ ಹಾನಿಯನ್ನು ಅಧ್ಯಯನ ಮಾಡಿ, ಕ್ವೆಟ್ಟಾದಲ್ಲಿ ರೈಲ್ವೆ ವಸತಿಗಳನ್ನು ಭೂಕಂಪ ತಡೆಯುವಂತೆ ವಿನ್ಯಾಸ ಮಾಡಿದರು. ಭಾರತದ ಮೊದಲ ಭೂಕಂಪ ವಲಯ ನಕ್ಷೆಯನ್ನೂ ಬಿಡಿಸಿದರು. 1935ರ ಮೇ 31ರಂದು ಕ್ವೆಟ್ಟಾದಲ್ಲಿ ಭಾರೀ ಭೂಕಂಪ ಆಯಿತು. ಊರಿಗೆ ಊರೇ ನೆಲಸಮ. ಕನಿಷ್ಠ 30 ಸಾವಿರ ಜನ ಸತ್ತರು. ಆ ರೈಲ್ವೆ ವಸತಿಗಳು ನಿಂತವು. ಒಬ್ಬ ಸರ್ಕಾರಿ ನೌಕರನ ಸಂಬಳ, ಸ್ವಲ್ಪ ಕಾಗದ, ಸ್ವಲ್ಪ ಹೆಚ್ಚುವರಿ ಕಟ್ಟಡದ ಖರ್ಚು. ಅದರ ಎದುರು ಉಳಿದ ಜೀವ, ಉಳಿದ ಆಸ್ತಿ. ಈ ಎರಡನ್ನು ತೂಗಲು ದೊಡ್ಡ ಸೂತ್ರಗಳೇನೂ ಬೇಕಿಲ್ಲ, ಅಲ್ವಾ?

ಈಗ ನಮ್ಮ ಕಾಲದ ಹಣಕ್ಕೆ ಬರೋಣ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಸತ್ತರು. ವಿಶ್ವಬ್ಯಾಂಕ್ ಮತ್ತು ಏಷ್ಯಾ ಅಭಿವೃದ್ಧಿ ಬ್ಯಾಂಕ್ ಸೇರಿ ಆಗ ಮಾಡಿದ ಅಂದಾಜಿನಲ್ಲಿ ಆಸ್ತಿ ನಷ್ಟವೇ ಸುಮಾರು 210 ಕೋಟಿ ಡಾಲರ್. ಆಗಿನ ರೂಪಾಯಿಯಲ್ಲಿ 10 ಸಾವಿರ ಕೋಟಿಯಷ್ಟು. ಇನ್ನೊಂದು ಕಡೆ, ಕೇಂದ್ರ ಸಚಿವ ಸಂಪುಟ 2024ರ ಜನವರಿಯಲ್ಲಿ ಒಪ್ಪಿದ ‘ಪೃಥ್ವಿ’ ಯೋಜನೆಯನ್ನು ನೋಡಿ. 2021ರಿಂದ 2026ರವರೆಗಿನ ಐದು ವರ್ಷಕ್ಕೆ 4,797 ಕೋಟಿ ರೂಪಾಯಿ. ಅದು ಭೂಕಂಪಕ್ಕೆ ಮಾತ್ರ ಅಲ್ಲ. ಹವಾಮಾನ, ಸಮುದ್ರ, ಧ್ರುವ ಪ್ರದೇಶ, ಭೂಕಂಪ ಮತ್ತು ಭೂವಿಜ್ಞಾನ, ತರಬೇತಿ, ಹೀಗೆ ಐದು ಉಪಯೋಜನೆಗಳಿಗೆ ಸೇರಿ. 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ ಏಳು ರೂಪಾಯಿ ಕೂಡ ಬರುವುದಿಲ್ಲ. ಆ ಏಳು ರೂಪಾಯಿಯಲ್ಲಿ ಭೂಕಂಪದ ಪಾಲು ಒಂದು ತುಣುಕು. ಒಂದೇ ಒಂದು ಬೆಳಗಿನ ನಷ್ಟ, ಅದೂ ಕಾಲು ಶತಮಾನದ ಹಿಂದಿನ ಬೆಲೆಯಲ್ಲಿ, ಐದೂ ವಿಭಾಗಗಳ ಐದು ವರ್ಷದ ಹಣದ ಎರಡು ಪಟ್ಟು!

ಭುಜ್ ಭೂಕಂಪದಲ್ಲಿ ಬೆಂಗಳೂರಿಗೆ ಒಂದು ಪಾಠವಿದೆ. ಕೇಂದ್ರಬಿಂದುವಿನಿಂದ 200 ಕಿಲೋಮೀಟರ್‌ಗೂ ದೂರ ಇದ್ದ ಅಹಮದಾಬಾದ್‌ನಲ್ಲಿ ಹತ್ತಾರು ಬಹುಮಹಡಿ ಕಟ್ಟಡಗಳು ಕುಸಿದವು. ಅವುಗಳಲ್ಲಿ ಬಹಳಷ್ಟಕ್ಕೆ ಕೆಳಗೆ ಗೋಡೆ ಇರಲಿಲ್ಲ. ಕಾರು ನಿಲ್ಲಿಸಲು ಬರೀ ಕಾಲಮ್ಮುಗಳು. ಮೇಲಿನ ಮಹಡಿಗಳಲ್ಲಿ ಗೋಡೆ ತುಂಬಿದ್ದರಿಂದ ಅವು ಬಿಗಿ, ಕೆಳಗಿನದು ಮಾತ್ರ ಸಡಿಲ. ಅಲುಗಾಟವೆಲ್ಲ ಆ ಕಾಲಮ್ಮುಗಳ ಮೇಲೆ ಬಿತ್ತು. ಮರುವರ್ಷವೇ ಬಂದ ಸಂಹಿತೆಯಲ್ಲಿ, ಇಂಥ ಮಹಡಿಯ ಕಾಲಮ್ ಮತ್ತು ಬೀಮ್‌ಗಳನ್ನು ಲೆಕ್ಕಕ್ಕೆ ಬರುವ ಬಲದ 2.5 ಪಟ್ಟಿಗೆ ವಿನ್ಯಾಸ ಮಾಡಬೇಕು ಅಂತ ಸೇರಿಸಿದರು. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇದೇ ಸ್ಟಿಲ್ಟ್ ಪಾರ್ಕಿಂಗ್.

ಬೆಂಗಳೂರಿನ ನೆಲದ ಕಥೆಯೂ ಇದೆ. ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನೂರಾರು ಬೋರ್‌ಹೋಲ್‌ಗಳ ಮಾಹಿತಿ ಸೇರಿಸಿ, ನಗರದ ಯಾವ ಭಾಗದಲ್ಲಿ ಕಂಪನ ಎಷ್ಟು ಹಿಗ್ಗಬಹುದು ಅಂತ ಅಧ್ಯಯನ ಮಾಡಿದ್ದಾರೆ. ಗಟ್ಟಿ ಬಂಡೆಯ ಮೇಲಿನ ಮನೆಗೂ, ತುಂಬಿಸಿದ ಕೆರೆಯ ಮೇಲಿನ ಮನೆಗೂ ಒಂದೇ ಪೆಟ್ಟು ಬೀಳುವುದಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಕ್ರೀಡಾಂಗಣ ಇರುವಲ್ಲಿ ಸಂಪಂಗಿ ಕೆರೆ. ಇಂಥ ಕೆರೆಗಳು ಎಷ್ಟೋ. ಮಂಗಳೂರನ್ನೂ ಇದೇ ರೀತಿಯ ಸೂಕ್ಷ್ಮ ವಲಯ ಅಧ್ಯಯನಕ್ಕೆ ಕೇಂದ್ರ ಆರಿಸಿಕೊಂಡಿದೆ. ಇಂಥ ನಕ್ಷೆ ಒಂದು ಸಲ ತಯಾರಾದರೆ ಸಾವಿರಾರು ಕಟ್ಟಡಗಳಿಗೆ ಬಳಕೆ ಆಗುತ್ತದೆ. ಒಬ್ಬೊಬ್ಬ ಮನೆ ಮಾಲೀಕನೂ ಬೇರೆ ಬೇರೆಯಾಗಿ ಅಷ್ಟು ಪರೀಕ್ಷೆ ಮಾಡಿಸಲು ಹೋದರೆ ಎಷ್ಟಾಗುತ್ತದೆ ಅಂತ ಊಹಿಸಿ.

ಇದನ್ನೆಲ್ಲ ಖಾಸಗಿಯವರು ಮಾಡಲಿ ಅಂತ ಕೆಲವರು ಹೇಳುತ್ತಾರೆ. ಆ ವಾದಕ್ಕೆ ಉತ್ತರ ಕೊಡಲೇಬೇಕು. ಭೂಮಿಯೊಳಗಿನ ಒಂದು ಬಿರುಕಿನಲ್ಲಿ ದೊಡ್ಡ ಭೂಕಂಪ ಮರಳಿ ಬರಲು ನೂರಾರು, ಕೆಲವೊಮ್ಮೆ ಸಾವಿರಾರು ವರ್ಷ ಬೇಕಾಗಬಹುದು. ಯಾವ ಕಂಪನಿಯ ಲೆಕ್ಕದ ಪುಸ್ತಕ ಅಷ್ಟು ಉದ್ದ ಇರುತ್ತದೆ? ಐವತ್ತು ವರ್ಷ ಒಂದೇ ಜಾಗದಲ್ಲಿ ಯಂತ್ರ ಇಟ್ಟು, ಏನೂ ಆಗದ ದಿನವನ್ನೂ ದಾಖಲಿಸುತ್ತಾ ಕೂರುವುದರಿಂದ ಯಾರಿಗೂ ಲಾಭ ಬರುವುದಿಲ್ಲ. ಆದರೆ ಆ ಏನೂ ಆಗದ ದಿನಗಳ ದಾಖಲೆ ಇಲ್ಲದಿದ್ದರೆ, ಆಗುವ ದಿನದ್ದು ಅರ್ಥವೇ ಆಗುವುದಿಲ್ಲ. ನಮ್ಮ ಗೌರಿಬಿದನೂರಿನಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನ ಮಾಪಕಗಳ ಸಾಲು ಇದೆ. ದೂರದ ದೇಶಗಳ ಅಣುಪರೀಕ್ಷೆ ಪತ್ತೆ ಹಚ್ಚಲು ಹಾಕಿದ್ದು. ಜೊತೆಗೆ ಭೂಕಂಪಗಳನ್ನೂ ಅದು ಕೇಳಿಸಿಕೊಳ್ಳುತ್ತಾ ಬಂದಿದೆ. ಇಷ್ಟು ವರ್ಷ ಅದನ್ನು ನಡೆಸುವ ತಾಳ್ಮೆ ಸರ್ಕಾರಕ್ಕೆ ಬಿಟ್ಟರೆ ಯಾರಿಗಿದೆ? ಮತ್ತೆ, ಈ ಮಾಹಿತಿಯನ್ನು ಬೀಗ ಹಾಕಿ ಮಾರಲೂ ಬಾರದು. ವಿಮಾ ಕಂಪನಿ, ಮೆಟ್ರೊ, ಕೈಗಾದಂಥ ಅಣು ಸ್ಥಾವರ, ಅಣೆಕಟ್ಟೆ, ಹಳ್ಳಿಯ ಅಂಗನವಾಡಿ, ಎಲ್ಲರಿಗೂ ಅದು ಬೇಕು. ಹಣ ಇದ್ದವರಿಗೆ ಮಾತ್ರ ಸರಿಯಾದ ನಕ್ಷೆ ಸಿಕ್ಕರೆ ಅಂಗನವಾಡಿಯ ಮಕ್ಕಳ ಗತಿ ಏನು?

ಅಣೆಕಟ್ಟೆ ಅಂದೆ. ಕೊಯ್ನಾ ಮಹಾರಾಷ್ಟ್ರದ್ದು, ನಮಗೇನು ಅಂತ ಯಾರೂ ಅಂದುಕೊಳ್ಳಬೇಡಿ. ಕೊಯ್ನಾ ನದಿ ಕರಾಡದಲ್ಲಿ ಕೃಷ್ಣೆಗೆ ಸೇರುತ್ತದೆ. ಕೃಷ್ಣೆ ಮುಂದೆ ಬೆಳಗಾವಿ, ಬಾಗಲಕೋಟೆ ಹಾದು ಆಲಮಟ್ಟಿಗೆ ಬರುತ್ತದೆ. ಕೊಯ್ನಾ ಜಲಾಶಯದಲ್ಲಿ 105 ಟಿಎಂಸಿ ನೀರು ನಿಲ್ಲುತ್ತದೆ. ಅಲ್ಲಿ ನೀರು ತುಂಬಲು ಶುರುವಾದ 1962ರಿಂದ ಇವತ್ತಿನವರೆಗೂ ಕಂಪನಗಳು ನಿಂತಿಲ್ಲ. ಹೆಚ್ಚುಕಡಿಮೆ 20 ಕಿ.ಮೀ. ಅಗಲ, 30 ಕಿ.ಮೀ. ಉದ್ದದ ಒಂದೇ ಜಾಗದಲ್ಲಿ ಅವು ಆಗುತ್ತಿವೆ. ಜಲಾಶಯದ ನೀರೇ ಭೂಕಂಪಕ್ಕೆ ಚಾಲನೆ ಕೊಡುವ ಬಗೆಯನ್ನು ಅರಿಯಲು ಜಗತ್ತಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅದಕ್ಕೇ ಭೂ ವಿಜ್ಞಾನ ಸಚಿವಾಲಯ ಕರಾಡದಲ್ಲಿ ಒಂದು ಪ್ರಯೋಗಾಲಯ ಕಟ್ಟಿ, ಮೂರು ಕಿಲೋಮೀಟರ್ ಆಳಕ್ಕೆ ಬಾವಿ ಕೊರೆಸಿದೆ. ಭೂಕಂಪ ಹುಟ್ಟುವ ಬಂಡೆಯ ಹತ್ತಿರಕ್ಕೆ ಹೋಗಿ, ಅಲ್ಲಿನ ಬಿಸಿ, ಒತ್ತಡ, ನೀರಿನ ಓಡಾಟವನ್ನು ನೇರವಾಗಿ ಅಳೆಯುವ ಪ್ರಯತ್ನ ಇದು. ಕೃಷ್ಣಾ ತೀರದ ಚಿಕ್ಕೋಡಿ, ಅಥಣಿ, ಜಮಖಂಡಿಯ ಜನಕ್ಕೆ ಈ ಬಾವಿ ಬೇಕು. ನಮ್ಮ ರಾಜ್ಯದ ಸಂಸದರು ಸದನದಲ್ಲಿ ಇದರ ಪರವಾಗಿ ಎದ್ದು ನಿಲ್ಲಲು ಇಷ್ಟು ಕಾರಣ ಸಾಕು.

ಭೂಕಂಪ ಯಾವಾಗ ಆಗುತ್ತದೆ ಅಂತ ಹೇಳಲು ಬರುವುದಿಲ್ಲವಲ್ಲ, ಮತ್ತೆ ಹಣ ಯಾಕೆ ಅನ್ನುವ ಪ್ರಶ್ನೆ ನಿಮಗೂ ಬಂದಿರಬಹುದು. ದಿನ ಹೇಳಲು ಬರುವುದಿಲ್ಲ, ನಿಜ. ಆದರೆ ಎಲ್ಲಿ, ಎಷ್ಟು ದೊಡ್ಡದು, ಎಷ್ಟು ಸಲ ಅನ್ನುವುದನ್ನು ಸಂಶೋಧನೆ ದಿನದಿಂದ ದಿನಕ್ಕೆ ಚೆನ್ನಾಗಿ ಹೇಳುತ್ತಿದೆ. ಮನೆ ಕಟ್ಟುವವನಿಗೆ ಬೇಕಾದದ್ದು ಅದೇ. ದಿನ ಗೊತ್ತಾದರೆ ಜನ ಉಳಿಯಬಹುದು, ಮನೆ ಬೀಳುತ್ತದೆ. ನಕ್ಷೆ ಸರಿ ಇದ್ದರೆ ಎರಡೂ ಉಳಿಯುತ್ತವೆ. ಇನ್ನು, ಭೂಕಂಪ ಶುರುವಾದ ಕ್ಷಣದಿಂದ ಸಿಗುವ ಸೆಕೆಂಡುಗಳಿಗೂ ಬೆಲೆ ಇದೆ. ಮೊದಲ ಅಲೆ ಸೆಕೆಂಡಿಗೆ ಸುಮಾರು ಆರು ಕಿಲೋಮೀಟರ್ ಓಡುತ್ತದೆ. ಕಟ್ಟಡ ಕೆಡವುವ ಎರಡನೇ ಅಲೆ ಸುಮಾರು ಮೂರೂವರೆ. ಈ ವ್ಯತ್ಯಾಸ ಹಿಡಿದು ರೂರ್ಕಿ ಐಐಟಿಯವರು ಉತ್ತರಾಖಂಡ ಸರ್ಕಾರದ ಜೊತೆ ಸೇರಿ ಎಚ್ಚರಿಕೆ ಕೊಡುವ ವ್ಯವಸ್ಥೆ ಮಾಡಿದ್ದಾರೆ. 2021ರಲ್ಲಿ ಅದರ ಮೊಬೈಲ್ ಆ್ಯಪ್ ಬಂತು. ದೂರದ ಊರಿಗೆ ಹತ್ತಾರು ಸೆಕೆಂಡು ಸಿಕ್ಕರೂ ಲಿಫ್ಟ್ ನಿಲ್ಲಿಸಬಹುದು, ಗ್ಯಾಸ್ ಬಂದ್ ಮಾಡಬಹುದು, ಮಕ್ಕಳನ್ನು ಬೆಂಚಿನ ಕೆಳಗೆ ಕೂರಿಸಬಹುದು. 2004ರ ಸುನಾಮಿಯ ನಂತರ ಹೈದರಾಬಾದಿನಲ್ಲಿ ಸುಮಾರು 125 ಕೋಟಿ ರೂಪಾಯಿಯಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಕಟ್ಟಿದ್ದೂ ಇದೇ ಭೂಕಂಪ ವಿಜ್ಞಾನದ ಬಲದಿಂದಲೇ. ಕಂಪನ ಎಲ್ಲಿ, ಎಷ್ಟು ಅಂತ ಕೆಲವು ನಿಮಿಷದಲ್ಲಿ ತಿಳಿಯದಿದ್ದರೆ ಸಮುದ್ರದ ಬಗ್ಗೆ ಏನೂ ಹೇಳಲು ಆಗುವುದಿಲ್ಲ. ಸುಮ್ನೆ ಕರಾವಳಿಯನ್ನು ಖಾಲಿ ಮಾಡಿಸುವುದೂ ನಷ್ಟವೇ. ಅದನ್ನೂ ಈ ಕೇಂದ್ರ ತಪ್ಪಿಸುತ್ತದೆ.

ಸಂಶೋಧನೆ ಒಂದೇ ಸಾಕು ಅಂತ ನಾನು ಹೇಳುತ್ತಿಲ್ಲ. 2023ರ ಫೆಬ್ರುವರಿಯಲ್ಲಿ ಟರ್ಕಿಯಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಬಿರುಕು ವಿಜ್ಞಾನಿಗಳಿಗೆ ಗೊತ್ತಿತ್ತು. ಸಂಹಿತೆಯೂ ಇತ್ತು. ಅದನ್ನು ಪಾಲಿಸದ ಕಟ್ಟಡಗಳು ಬಿದ್ದವು. ನೇರ ಹಾನಿಯನ್ನು ವಿಶ್ವಬ್ಯಾಂಕ್ 3,400 ಕೋಟಿ ಡಾಲರ್‌ಗೂ ಹೆಚ್ಚು ಅಂತ ಅಂದಾಜು ಮಾಡಿತು. ತಿಳಿವಳಿಕೆ ಪ್ರಯೋಗಾಲಯದಿಂದ ಪುರಸಭೆಯ ಮೇಜಿಗೆ ಬಂದಾಗಲೇ ಅದಕ್ಕೆ ಹಣದ ಬೆಲೆ ಬರುವುದು.

ನಮ್ಮಲ್ಲೂ ಅದರ ಅಗತ್ಯ ಇತ್ತೀಚೆಗೆ ಕಂಡಿದೆ. 2021ರಲ್ಲಿ ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಸಣ್ಣ ಕಂಪನಗಳಾದವು. ಚಿಂಚೋಳಿ ತಾಲೂಕಿನ ಗಡಿಕೇಶ್ವರದಲ್ಲಿ ಅಕ್ಟೋಬರ್‌ನಲ್ಲಿ 4.1ರವರೆಗೂ ಹೋಯಿತು. ನೆಲದೊಳಗಿಂದ ಸದ್ದು. ಜನ ಮನೆ ಬಿಟ್ಟು ಹೊರಗೆ ಮಲಗಿದರು. ಕೆಲವರು ಸಾಮಾನು ಕಟ್ಟಿಕೊಂಡು ಊರೇ ಬಿಟ್ಟರು. ಹೊಲದ ಕೆಲಸ ನಿಂತಿತು, ಕೂಲಿ ಹೋಯಿತು. ಕಿಲ್ಲಾರಿ ನೆನಪಿದ್ದವರಿಗೆ ಆ ಭಯ ಸುಮ್ಮನೆ ಬಂದದ್ದಲ್ಲ. ಎನ್‌ಜಿಆರ್‌ಐ ಮತ್ತು ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವಿಜ್ಞಾನಿಗಳು ಬಂದು ಯಂತ್ರ ಇಟ್ಟು, ಜನರ ಜೊತೆ ಕೂತು ಮಾತಾಡಿದರು. 2022ರ ಜೂನ್‌ನಲ್ಲಿ ಕೊಡಗು, ಸುಳ್ಯದ ಕಡೆ ಇದೇ ರೀತಿ ಆಯಿತು. ಕಂಪನ ಶುರುವಾದ ಮೇಲೆ ಯಂತ್ರ ಹೊತ್ತುಕೊಂಡು ಓಡುವುದು ಮಳೆ ಬಿದ್ದ ಮೇಲೆ ಮಾಳಿಗೆ ಹೊದಿಸಲು ಹೋದಂತೆ. ಮುಂಚಿನಿಂದಲೇ ಅಲ್ಲಿ ಯಂತ್ರ ಇದ್ದಿದ್ದರೆ, ಇದು ಮಾಮೂಲಿನದೋ ಅಲ್ಲವೋ ಅಂತ ಮೊದಲ ವಾರದಲ್ಲೇ ಹೇಳುವುದು ಸುಲಭ. ಆ ಒಂದು ವಾರದ ಉತ್ತರ ಎಷ್ಟೋ ಮನೆಗಳ ಕೂಲಿ ಉಳಿಸುತ್ತದೆ.

ಈಗ ನಿಮ್ಮಿಂದ ಕೇಳುವುದು ಇಷ್ಟು.

ಇದೇ ಭೂ ವಿಜ್ಞಾನ ಸಚಿವಾಲಯ ಮುಂಗಾರು ಮುನ್ಸೂಚನೆಗೆ ಹಾಕಿದ ಹಣದ ಲಾಭ ನಷ್ಟ ನೋಡಲು ಆರ್ಥಿಕ ಸಂಶೋಧನೆ ಮಾಡುವ ಎನ್‌ಸಿಎಇಆರ್ ಸಂಸ್ಥೆಗೆ ಕೇಳಿತ್ತು. 2020ರ ಆ ವರದಿ ಹಾಕಿದ ಒಂದು ರೂಪಾಯಿಗೆ 50 ರೂಪಾಯಿ ಲಾಭ ಅಂತ ಹೇಳಿತು. ಅದರಿಂದ ಮುಂಗಾರು ಸಂಶೋಧನೆಗೆ ಸದನದಲ್ಲಿ ಮಾತಾಡಲು ಒಂದು ಗಟ್ಟಿ ಅಂಕಿ ಸಿಕ್ಕಿತು. ಭೂಕಂಪ ಸಂಶೋಧನೆಗೂ ಅಂಥದ್ದೇ ಲೆಕ್ಕ ಮಾಡಿಸಿ. ಉಳಿದ ಜೀವ, ಉಳಿದ ಕಟ್ಟಡ ಮಾತ್ರ ಅಲ್ಲ. ಬೇಡದ ಕಡೆ ಉಳಿದ ಉಕ್ಕು, ನಿಲ್ಲದ ಕಾರ್ಖಾನೆ, ಊರು ಬಿಡದ ಕೂಲಿಯವರ ದುಡಿಮೆ, ಇವೆಲ್ಲ ಅದರಲ್ಲಿ ಬರಲಿ.

ಎರಡನೆಯದು, ಯಂತ್ರ ಕೊಳ್ಳಲು ಹಣ ಸಿಗುವುದು ಸುಲಭ, ನಡೆಸಲು ಸಿಗುವುದು ಕಷ್ಟ. ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರದ ಜಾಲದಲ್ಲಿ ಇವತ್ತು 150ಕ್ಕೂ ಹೆಚ್ಚು ಕೇಂದ್ರಗಳಿವೆ. ಅವುಗಳ ಬ್ಯಾಟರಿ, ಸಂಪರ್ಕ, ಕಾಯುವವರ ಸಂಬಳ, ಮಾಹಿತಿ ಓದುವ ಯುವ ವಿಜ್ಞಾನಿಗಳ ಕೆಲಸ, ಇವು ಯಾವ ಉದ್ಘಾಟನೆಯ ಫೋಟೊದಲ್ಲೂ ಬರುವುದಿಲ್ಲ. ಯೋಜನೆಯ ಅವಧಿ ಮುಗಿದಾಗ ಮೊದಲು ಕತ್ತರಿ ಬೀಳುವುದು ಇಲ್ಲೇ. ಇದಕ್ಕೆ ಬೇರೆಯಾಗಿ, ಕಾಯಂ ಆಗಿ ಹಣ ಇಡಿಸಿ. ಕಲ್ಯಾಣ ಕರ್ನಾಟಕದ ಬಸಾಲ್ಟ್ ನೆಲಕ್ಕೆ ಇನ್ನಷ್ಟು ದಟ್ಟವಾದ ಜಾಲ ಕೇಳಿ. ಗುಜರಾತ್ ತನ್ನ ಅಷ್ಟು ದೊಡ್ಡ ದುರಂತದ ನಂತರ 2006ರಲ್ಲಿ ಗಾಂಧಿನಗರದಲ್ಲಿ ಭೂಕಂಪ ಸಂಶೋಧನೆಗೆ ತನ್ನದೇ ಸಂಸ್ಥೆ ಕಟ್ಟಿತು. ನಾವು ದುರಂತಕ್ಕೆ ಕಾಯಬೇಕಿಲ್ಲ.

ಇನ್ನೊಂದು. ಸೂಕ್ಷ್ಮ ವಲಯ ನಕ್ಷೆಗಳು ಕನ್ನಡದಲ್ಲಿ, ಯಾರು ಬೇಕಾದರೂ ನೋಡುವಂತೆ, ಸರ್ವೆ ನಂಬರ್ ಹಾಕಿದರೆ ಸಿಗುವಂತೆ ಆಗಲಿ. ಕಟ್ಟಡದ ಪ್ಲಾನ್ ಮಂಜೂರು ಮಾಡುವ ಅಧಿಕಾರಿಯ ಪರದೆಯ ಮೇಲೂ ಅದೇ ಬರಲಿ. ನಮ್ಮ ಹಣದಲ್ಲಿ ಆದ ಕೆಲಸ ನಮ್ಮ ಕೈಗೆ ಸಿಗಬೇಕು.

ಮುಂದಿನ ಅಧಿವೇಶನದ ಪ್ರಶ್ನೋತ್ತರ ಅವಧಿಗೆ ನಿಮ್ಮಲ್ಲಿ ಒಬ್ಬರಾದರೂ ಈ ಪ್ರಶ್ನೆ ಕಳಿಸಿ: ಕಳೆದ ಐದು ವರ್ಷದಲ್ಲಿ ಭೂಕಂಪ ಸಂಶೋಧನೆಗೆ ಮಂಜೂರಾದದ್ದು ಎಷ್ಟು, ಖರ್ಚಾದದ್ದು ಎಷ್ಟು, ಕರ್ನಾಟಕದಲ್ಲಿ ಈಗ ಕೆಲಸ ಮಾಡುತ್ತಿರುವ ಮಾಪನ ಕೇಂದ್ರಗಳು ಎಷ್ಟು, ಅವುಗಳಲ್ಲಿ ಖಾಲಿ ಇರುವ ಹುದ್ದೆಗಳು ಎಷ್ಟು? ಉತ್ತರ ಬಂದ ದಿನ ಅದನ್ನು ನಿಮ್ಮ ಕ್ಷೇತ್ರದ ಪತ್ರಿಕೆಗಳಿಗೂ ಕೊಡಿ.

ಇಂತಿ,
ಕಲಬುರಗಿ ಜಿಲ್ಲೆಯ ಒಬ್ಬ ಸಿವಿಲ್ ಎಂಜಿನಿಯರ್